ಬುಲ್‌ಬಾರ್ ಆಮೇಲಿರಲಿ, ಮೊದಲು ಡೀಸೆಲ್ ಫಿಲ್ಟರ್ ನೋಡಿ

ಮಾನ್ಯ ಸಂಪಾದಕರೇ,

ಹಳೆಯ ದೊಡ್ಡ ಗಾಡಿಗಳಿಗೆ ಕಡಿಮೆ ಖರ್ಚಿನಲ್ಲಿ ‘ಹೊಸ ಲುಕ್’ ಕೊಡುವುದು ಹೇಗೆಂದು ನಿಮ್ಮ ವಾಹನ ಪುರವಣಿಯಲ್ಲಿ ಬಂದ ಬರಹ ಓದಿದೆ. ಎಲ್‌ಇಡಿ ಬಾರ್, ದಪ್ಪ ಟೈರು, ಮುಂದಕ್ಕೊಂದು ಕಬ್ಬಿಣದ ಗಾರ್ಡು (ಬುಲ್‌ಬಾರ್), ಕರಿ ಬಣ್ಣದ ಅಲಾಯ್ ಎಂದು ಪಟ್ಟಿ ಉದ್ದವಾಗಿಯೇ ಇತ್ತು. ಬಾನೆಟ್ ಎತ್ತಿ ನೋಡಿ ಎಂಬ ಮಾತು ಮಾತ್ರ ಎಲ್ಲೂ ಇರಲಿಲ್ಲ. ಅಲ್ಲಿ ಹೇಳಿದ್ದರಲ್ಲಿ ಅರ್ಧದಷ್ಟು ಕಾನೂನಿಗೆ ವಿರುದ್ಧ, ಉಳಿದರ್ಧ ಗಾಡಿಗೆ ಕೇಡು. ಮನೆಯ ಅಂಗಳದಲ್ಲೇ ಮಾಡಿಕೊಳ್ಳಬಹುದಾದ, ಗಾಡಿಯ ಆಯಸ್ಸು ನಿಜಕ್ಕೂ ಹೆಚ್ಚಿಸುವ ಕೆಲಸಗಳು ಬೇರೆಯೇ ಇವೆ. ಅವುಗಳ ಬಗ್ಗೆ ಬರೆಯಲು ಜಾಗ ಕೊಡಬೇಕೆಂದು ಕೋರುತ್ತೇನೆ.

ಸುಮ್ಮನೆ ‘ಎಸ್‌ಯುವಿ’ ಎಂದರೆ ಮಾತು ಜಾರುತ್ತದೆ. ಒಂದೇ ಗಾಡಿ ಹಿಡಿದು ಹೇಳುತ್ತೇನೆ: 2009ರಿಂದ 2016ರವರೆಗೆ ಮಾರಾಟವಾದ ಮೊದಲ ತಲೆಮಾರಿನ ಟೊಯೋಟಾ ಫಾರ್ಚುನರ್, ಮೂರು ಲೀಟರ್ ಡೀಸೆಲ್ ಎಂಜಿನ್ನಿನದು. ನಮ್ಮ ಬಿಡದಿಯಲ್ಲೇ ತಯಾರಾದ ಗಾಡಿ. ಈಗ ಎರಡನೇ, ಮೂರನೇ ಕೈಗೆ ಬಂದು ಮಲೆನಾಡಿನ ಎಸ್ಟೇಟುಗಳಲ್ಲಿ, ಕರಾವಳಿಯ ಘಾಟಿಗಳಲ್ಲಿ, ಬಯಲುಸೀಮೆಯ ದೂಳಿನಲ್ಲಿ ದುಡಿಯುತ್ತಿದೆ. ಕಂಪನಿಯ ವಾರಂಟಿ ಮುಗಿದು ಎಷ್ಟೋ ಕಾಲವಾಗಿದೆ. ಶೋರೂಮಿಗೆ ಹೋದರೆ ಬಿಲ್ಲು ದೊಡ್ಡದು, ಹಾಗಾಗಿ ಮಾಲೀಕರು ಅತ್ತ ಹೋಗುವುದಿಲ್ಲ. ಊರಿನ ಗ್ಯಾರೇಜಿನಲ್ಲಿ ಆಯಿಲ್ ಬದಲಿಸಿ ಕಳಿಸುತ್ತಾರೆ. ಈ ಎರಡರ ನಡುವೆ ಯಾರೂ ಮುಟ್ಟದೆ ಉಳಿಯುವ ಕೆಲಸಗಳೇ ಕೊನೆಗೆ ಎಂಜಿನ್ನು, ಚಕ್ರದ ಅಚ್ಚಿನೊಳಗಿನ ಕ್ರೌನ್ ಪಿನಿಯನ್ ಗೇರುಗಳನ್ನು ತಿನ್ನುವುದು.

ಮೊದಲನೆಯದು ಡೀಸೆಲ್ ಫಿಲ್ಟರ್. ಇದು ಕಾಮನ್ ರೈಲ್ ಎಂಜಿನ್, ಅಂದರೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳಿಗೆಲ್ಲ ‘ರೈಲ್’ ಎಂಬ ಒಂದೇ ಕೊಳವೆಯಿಂದ ಡೀಸೆಲ್ ಹೋಗುತ್ತದೆ. ಡೀಸೆಲ್ ಸಾವಿರಕ್ಕೂ ಹೆಚ್ಚು ಬಾರ್ ಒತ್ತಡದಲ್ಲಿ ಇಂಜೆಕ್ಟರಿನ ಕೂದಲೆಳೆ ರಂಧ್ರಗಳಿಂದ ಹಾಯಬೇಕು. ಡೀಸೆಲ್ಲಿನಲ್ಲಿ ನೀರು ಸೇರಿದರೆ ಪಂಪಿಗೂ ಇಂಜೆಕ್ಟರಿಗೂ ಬೇಕಾದ ಜಿಡ್ಡು ತಪ್ಪಿ ಲೋಹ ಲೋಹಕ್ಕೆ ಉಜ್ಜುತ್ತದೆ, ಒಳಗೆ ತುಕ್ಕೂ ಹಿಡಿಯುತ್ತದೆ. ಮಳೆಗಾಲದಲ್ಲಿ ಬ್ಯಾರೆಲ್ಲಿನಲ್ಲಿ ಡೀಸೆಲ್ ಇಟ್ಟುಕೊಂಡು ಹಾಕುವ ತೋಟದವರಿಗೆ ಈ ಅಪಾಯ ಹೆಚ್ಚು. ಮುಕ್ಕಾಲು ಖಾಲಿ ಟ್ಯಾಂಕಿನಲ್ಲಿ ರಾತ್ರಿ ಗಾಡಿ ನಿಲ್ಲಿಸುವ ಅಭ್ಯಾಸವಿದ್ದರೂ ಅಷ್ಟೇ, ಖಾಲಿ ಜಾಗದ ತೇವವೆಲ್ಲ ಹನಿಯಾಗಿ ಡೀಸೆಲ್ಲಿಗೆ ಇಳಿಯುತ್ತದೆ.

ಫಿಲ್ಟರಿನ ತಳದಲ್ಲಿ ನೀರು ಕೂರುವ ಜಾಗವಿದೆ. ಅಲ್ಲಿ ಸೆನ್ಸರ್ ಒಂದಿದ್ದು, ನೀರು ತುಂಬಿದಾಗ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ. ದೀಪಕ್ಕೆ ಕಾಯದೆ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ನೀರು ಇಳಿಸುವುದು ಒಳ್ಳೆಯದು. ಎಂಜಿನ್ ಆರಿಸಿ, ಕೆಳಗೊಂದು ಗಾಜಿನ ಬಾಟಲಿ ಹಿಡಿಯಿರಿ. ಗಾಜೇ ಆಗಲಿ, ಒಳಗಿರುವುದು ಕಾಣಬೇಕು. ತಳದ ಡ್ರೇನ್ ತಿರುಪನ್ನು ಕೈಯಲ್ಲೇ ಎರಡು, ಎರಡೂವರೆ ಸುತ್ತು ಸಡಿಲಿಸಿ. ತಾನಾಗಿ ಇಳಿಯದಿದ್ದರೆ ಮೇಲಿರುವ ಪಂಪ್ ಗುಂಡಿಯನ್ನು ಮೆಲ್ಲಗೆ ಒತ್ತಿ. ಹತ್ತು ನಿಮಿಷ ಬಿಟ್ಟು ಬಾಟಲಿ ನೋಡಿದರೆ ನೀರು ತಳಕ್ಕೆ ಕೂತು ಡೀಸೆಲ್ ಮೇಲೆ ನಿಂತಿರುತ್ತದೆ, ನಡುವೆ ಗೆರೆ ಎಳೆದಂತೆ ಕಾಣುತ್ತದೆ. ಬರೀ ಡೀಸೆಲ್ ಬರುವವರೆಗೆ ಇಳಿಸಿ ತಿರುಪನ್ನು ಕೈಯಲ್ಲೇ ಬಿಗಿ ಮಾಡಿ. ಇಕ್ಕಳ ಹಾಕಿ ತಿರುಗಿಸಿದರೆ ಪ್ಲಾಸ್ಟಿಕ್ ಸೀಳಿ, ಅಲ್ಲಿಂದ ಗಾಳಿ ಎಳೆಯಲು ಶುರುವಾಗುತ್ತದೆ. ಬಾಟಲಿಯಲ್ಲಿ ಅರ್ಧ ಇಂಚಿಗಿಂತ ಹೆಚ್ಚು ನೀರು ಕಂಡರೆ ಡೀಸೆಲ್ ಹಾಕಿಸುವ ಜಾಗ ಬದಲಿಸಿ.

ಫಿಲ್ಟರ್ ಬದಲಿಸುವುದೂ ಮನೆಗೆಲಸವೇ. ನಮ್ಮ ಕಡೆಯ ಓಡಾಟಕ್ಕೆ 20,000 ಕಿ.ಮೀ. ಮೀರಿಸದಿರುವುದು ಕ್ಷೇಮ. ಹಳೆಯದರ ತಳದಲ್ಲಿರುವ ನೀರಿನ ಸೆನ್ಸರ್ ಬಿಚ್ಚಿ ಹೊಸದಕ್ಕೆ ಹಾಕಬೇಕು, ಅದರ ಓ-ರಿಂಗ್ ಹೊಸದೇ ಆಗಬೇಕು. ಎಡವುವುದು ಇಲ್ಲಿಯೇ. ಹಳೆಯ ರಿಂಗನ್ನೇ ಹಾಕಿದರೆ ಡೀಸೆಲ್ ಹೊರಗೆ ಸೋರದಿದ್ದರೂ ಗಾಳಿ ಒಳಗೆ ನುಸುಳುತ್ತದೆ. ಆಮೇಲೆ ಬೆಳಿಗ್ಗೆ ಶುರು ಮಾಡಿದರೆ ಎಂಜಿನ್ ಒಂದೆರಡು ನಿಮಿಷ ಓಡಿ ನಿಲ್ಲುತ್ತದೆ, ಮೆಕ್ಯಾನಿಕ್ ಪಂಪೇ ಹೋಗಿದೆ ಎನ್ನುತ್ತಾನೆ. ಇನ್ನೊಂದು ಎಚ್ಚರಿಕೆ: ಹೊಸ ಫಿಲ್ಟರಿಗೆ ಕ್ಯಾನಿನಿಂದ ಡೀಸೆಲ್ ಸುರಿದು ಕೂರಿಸುವ ಹಳೆಯ ಪದ್ಧತಿ ಬಿಡಿ. ಸೋಸದ ಡೀಸೆಲ್ ಫಿಲ್ಟರಿನ ಆಚೆ ಬದಿಗೆ ಬಿದ್ದರೆ ನೇರ ಪಂಪಿಗೆ, ಇಂಜೆಕ್ಟರಿಗೆ ಹೋಗುತ್ತದೆ. ಖಾಲಿ ಫಿಲ್ಟರನ್ನೇ ಕೂರಿಸಿ, ಪಂಪ್ ಗುಂಡಿ ಕೈಗೆ ಗಟ್ಟಿಯಾಗುವವರೆಗೆ ಒತ್ತಿ ಏರ್ ತೆಗೆಯಿರಿ. ಸೆಲ್ಫ್ ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ, ನಡುವೆ ಅರ್ಧ ನಿಮಿಷ ಬಿಡಿ.

ಹಳೆಯ ಡೀಸೆಲ್ ಗಾಡಿಗಳಲ್ಲಿ ಇಂಜೆಕ್ಟರ್ ಪೈಪಿನ ನಟ್ಟು ಸಡಿಲಿಸಿ, ಸೆಲ್ಫ್ ಹೊಡೆದು ಏರ್ ತೆಗೆಯುತ್ತಿದ್ದರು. ಈ ಎಂಜಿನ್ನಿನಲ್ಲಿ ಅದನ್ನು ಮಾಡಲೇಬೇಡಿ. ಆ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಕೈ ಕತ್ತರಿಸುವ ಮಟ್ಟಕ್ಕೆ ಹೋಗಬಹುದು. ಹಾಗೇನಾದರೂ ಆದರೆ ನೋವಿಲ್ಲವೆಂದು ಮನೆಯಲ್ಲಿ ಕೂರದೆ ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಹೋಗಿ.

ಇದೇ ಎಂಜಿನ್ನಿನ ಇನ್ನೊಂದು ಕಾಯಿಲೆ ಗೊತ್ತಿಲ್ಲದೆ ಎಷ್ಟೋ ಗಾಡಿಗಳು ಹಾಳಾಗಿವೆ. ಇಂಜೆಕ್ಟರ್ ಕೂರುವ ಜಾಗದಲ್ಲಿ ತಾಮ್ರದ ವಾಷರ್ ಇದೆ. ವರ್ಷ ಕಳೆದಂತೆ ಅದು ಹಿಡಿತ ಬಿಟ್ಟರೆ, ಉರಿದ ಗ್ಯಾಸು ಮಸಿ ಸಮೇತ ಮೇಲೆ ನುಗ್ಗಿ ಎಂಜಿನ್ ಆಯಿಲ್ಲಿಗೆ ಸೇರುತ್ತದೆ. ಮಸಿ ಟಾರಿನಂತೆ ಗಟ್ಟಿಯಾಗಿ ಎಂಜಿನ್ನಿನಡಿಯ ಆಯಿಲ್ ತೊಟ್ಟಿಯ (ಚೇಂಬರ್) ತಳದಲ್ಲಿ ಆಯಿಲ್ ಹೀರುವ ಸ್ಟ್ರೈನರ್ ಜಾಲರಿಯನ್ನು ಮುಚ್ಚುತ್ತದೆ. ಆಯಿಲ್ ಮಟ್ಟ ಡಿಪ್‌ಸ್ಟಿಕ್ಕಿನಲ್ಲಿ ಸರಿಯಾಗಿಯೇ ಇರುತ್ತದೆ, ಬೇರಿಂಗಿಗೆ ಮಾತ್ರ ಆಯಿಲ್ ತಲುಪುವುದಿಲ್ಲ. ಹೆದ್ದಾರಿಯಲ್ಲಿ ಒಂದು ದಿನ ಎಂಜಿನ್ ಸೀಜ್ ಆದಾಗ ‘ಆಯಿಲ್ ಫುಲ್ ಇತ್ತಲ್ಲ’ ಎಂದು ಮಾಲೀಕರು ಕಂಗಾಲಾಗುತ್ತಾರೆ.

ಇದನ್ನು ಮೊದಲೇ ಹಿಡಿಯಲು ದುಬಾರಿ ಉಪಕರಣ ಬೇಕಿಲ್ಲ. ಬೆಳಿಗ್ಗೆ ತಣ್ಣಗಿರುವ ಎಂಜಿನ್ ಶುರು ಮಾಡಿ ಆಯಿಲ್ ದೀಪ ನೋಡಿ. ಒಂದೆರಡು ಸೆಕೆಂಡಿನಲ್ಲಿ ಆರಬೇಕು. ನಾಲ್ಕೈದು ಸೆಕೆಂಡು ಉರಿಯುತ್ತಿದ್ದರೆ, ಅದೂ ದಿನದಿಂದ ದಿನಕ್ಕೆ ಹೆಚ್ಚಾಗುತ್ತಿದ್ದರೆ ಗಾಡಿ ಓಡಿಸಬೇಡಿ. ಆಯಿಲ್ ಹಾಕುವ ಮುಚ್ಚಳ ತೆಗೆದು ಒಳಬದಿ ಸವರಿ. ಡೀಸೆಲ್ ಎಂಜಿನ್ನಿನಲ್ಲಿ ಕಪ್ಪು ಆಯಿಲ್ ಸಹಜ, ಹೊಸ ಆಯಿಲ್ಲೂ ಒಂದೇ ದಿನದಲ್ಲಿ ಕಪ್ಪಾಗುತ್ತದೆ. ಬೆರಳಿಗೆ ಕರಿ ಹರಳು, ಅಂಟು ಪುಡಿ ಹತ್ತಿದರೆ ಮಾತ್ರ ಅನುಮಾನ ಪಡಿ. ಚೇಂಬರಿನ ಕೆಳಗಿನ ಸಣ್ಣ ತಟ್ಟೆಯನ್ನು ಬಿಚ್ಚಿದರೆ ಸ್ಟ್ರೈನರ್ ಕಣ್ಣಿಗೆ ಬೀಳುತ್ತದೆ. ಕೈ ಪಳಗಿದವರು ಇಷ್ಟನ್ನು ಮನೆಯಲ್ಲೇ ಮಾಡಬಹುದು. ಆದರೆ ತಟ್ಟೆ ಮರಳಿ ಕೂರಿಸುವಾಗ ಸಿಲಿಕಾನ್ ಅಂಟನ್ನು ಧಾರಾಳವಾಗಿ ಮೆತ್ತಿದರೆ ಒಳಕ್ಕೆ ಉಬ್ಬಿದ ಎಳೆ ಕಳಚಿ ಬಿದ್ದು ಅದೇ ಜಾಲರಿಗೆ ಅಡ್ಡ ಕೂರುತ್ತದೆ. ಮೂರು ಮಿಲಿಮೀಟರ್ ದಪ್ಪದ ಒಂದು ಎಳೆಯಷ್ಟು ಅಂಟು ಹಚ್ಚಿದರೆ ಸಾಕು.

ವಾಷರ್ ಬದಲಿಸುವ ಕೆಲಸವನ್ನಂತೂ ತಿಳಿದ ಡೀಸೆಲ್ ಮೆಕ್ಯಾನಿಕ್ಕಿಗೇ ಬಿಡಿ. ಇಂಜೆಕ್ಟರ್ ಕೂರುವ ಗುಂಡಿ ಕನ್ನಡಿಯಷ್ಟು ಸ್ವಚ್ಛವಾಗಬೇಕು, ಒಮ್ಮೆ ಬಿಗಿದ ತಾಮ್ರದ ವಾಷರನ್ನು ಮತ್ತೆ ಹಾಕಬಾರದು. ಇಂಜೆಕ್ಟರನ್ನೇ ಬದಲಿಸಿದರೆ ಅದರ ಮೇಲೆ ಕೊರೆದ ಕೋಡನ್ನು ಸ್ಕ್ಯಾನರ್ ಮೂಲಕ ಎಂಜಿನ್ ಕಂಪ್ಯೂಟರಿಗೆ ತುಂಬಿಸಬೇಕು. ನಿಮ್ಮ ಮೆಕ್ಯಾನಿಕ್ ಇವೆರಡರ ಬಗ್ಗೆಯೂ ಮಾತೆತ್ತದಿದ್ದರೆ ಬೇರೆಯವರನ್ನು ನೋಡಿಕೊಳ್ಳಿ.

ಎಂಜಿನ್ ಆಯಿಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುವುದೇ. ಫಿಲ್ಟರ್ ಸೇರಿ ಸುಮಾರು ಏಳು ಲೀಟರ್ ಹಿಡಿಯುತ್ತದೆ. ಆರೂವರೆ ಹಾಕಿ, ಶುರು ಮಾಡಿ ಆರಿಸಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿಕೊಂಡು ಉಳಿದದ್ದನ್ನು ತುಂಬಿ. ಹಳೆಯ ಫಿಲ್ಟರ್ ಬಿಚ್ಚಿದಾಗ ಅದರ ರಬ್ಬರ್ ರಿಂಗು ಜೊತೆಗೇ ಬಂತೇ ಎಂದು ಕಡ್ಡಾಯವಾಗಿ ನೋಡಿ. ಎಂಜಿನ್ನಿಗೆ ಅಂಟಿಕೊಂಡು ಉಳಿದು, ಅದರ ಮೇಲೆ ಹೊಸದು ಕೂತರೆ ಮೊದಲ ಸಲ ರೇಸ್ ಕೊಟ್ಟಾಗಲೇ ಆಯಿಲ್ಲೆಲ್ಲ ನೆಲದ ಪಾಲು. ಬಳಸಿದ ಆಯಿಲನ್ನು ಚರಂಡಿಗೆ ಸುರಿಯುವುದು, ಗೆದ್ದಲಿಗೆಂದು ಬೇಲಿ ಗೂಟಕ್ಕೆ ಬಳಿಯುವುದು ಎರಡೂ ತಪ್ಪು. ಅದು ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. ಕ್ಯಾನಿನಲ್ಲಿ ತುಂಬಿಟ್ಟು, ಅಧಿಕೃತ ಸಂಗ್ರಹಕಾರರಿಗೆ ಕೊಡುವ ಗ್ಯಾರೇಜಿಗೆ ಒಪ್ಪಿಸಿ.

ಈಗ ಗಾಡಿಯ ಅಡಿಗೆ ಬರೋಣ. ಅಡಿಗೆ ಹೋಗುವ ಮುನ್ನ ಜಾಕಿನ ಮಾತು. ಸುಮಾರು ಎರಡು ಟನ್ ತೂಕದ ಗಾಡಿ ಇದು. ಜೊತೆಗೆ ಬರುವ ಜಾಕು ಸ್ಟೆಪ್ನಿ ಬದಲಿಸಲಿಕ್ಕೆ ಮಾತ್ರ, ಅದರ ಭರವಸೆಯಲ್ಲಿ ಅಡಿಗೆ ತೂರಬಾರದು. ಸೈಜುಗಲ್ಲು, ಸಿಮೆಂಟ್ ಇಟ್ಟಿಗೆ ಜೋಡಿಸುವುದು ಇನ್ನೂ ಕೆಟ್ಟದ್ದು. ಸಿಮೆಂಟ್ ಇಟ್ಟಿಗೆ ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ. ಮೂರು ಟನ್ನಿನ ಒಂದು ಜೊತೆ ಜಾಕ್ ಸ್ಟ್ಯಾಂಡ್ ಕೊಂಡು, ಚಾಸಿಯ ಕೆಳಗೋ ಹಿಂದಿನ ಚಕ್ರಗಳ ಅಚ್ಚಿನ ಕವಚದ (ಹೌಸಿಂಗ್) ಕೆಳಗೋ ಇಡಿ. ಮಣ್ಣಿನ ಅಂಗಳವಾದರೆ ಅದರಡಿಗೆ ದಪ್ಪ ಹಲಗೆ ಹಾಕಿ. ಎತ್ತದ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡೆ ಕೊಡಿ. ನಾಲ್ಕೂ ಚಕ್ರ ಎಳೆಯುವ (4x4) ಗಾಡಿಯಲ್ಲಿ ಮುಂದಿನ ಹಿಂದಿನ ಚಕ್ರಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನ ಲಿವರ್ ನ್ಯೂಟ್ರಲ್‌ನಲ್ಲಿದ್ದರೆ ಗೇರು ಹಾಕಿದ್ದರೂ, ಆಟೋಮ್ಯಾಟಿಕ್ ‘ಪಿ’ಯಲ್ಲಿದ್ದರೂ ಗಾಡಿ ಉರುಳುತ್ತದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ.

ನಿಂತ ಗಾಡಿ ಹೊರಡುವಾಗ, ನಿಲ್ಲುವ ಕೊನೆಯ ಗಳಿಗೆಯಲ್ಲಿ ಅಡಿಯಿಂದ ‘ಟಣ್’ ಎಂದು ಹಿಂದಿನಿಂದ ಯಾರೋ ಗುದ್ದಿದಂತೆ ಸದ್ದು ಬರುತ್ತದೆಯೇ? ಗೇರ್‌ಬಾಕ್ಸ್ ಬಿಚ್ಚಿಸುವ ಮೊದಲು, ಅಲ್ಲಿಂದ ಚಕ್ರದ ಅಚ್ಚಿಗೆ ಬಲ ಒಯ್ಯುವ ಜಾಯಿಂಟ್ ಶಾಫ್ಟಿಗೆ ಗ್ರೀಸ್ ಹೊಡೆದು ನೋಡಿ. ಶಾಫ್ಟು ಉದ್ದ ಗಿಡ್ಡ ಆಗಲು ಅನುಕೂಲವಾಗುವ ಜಾರು ತುಂಡು ಒಣಗಿದಾಗ ಬರುವ ಸದ್ದು ಅದು. ಶಾಫ್ಟಿನ ಕೀಲುಗಳಾದ ಕ್ರಾಸುಗಳಿಗೆ ಒಂದೊಂದು, ಜಾರು ತುಂಡಿಗೊಂದು ಗ್ರೀಸ್ ಹೊಡೆಯುವ ನಿಪ್ಪಲ್ ಇರುತ್ತದೆ. ಅದರಲ್ಲೊಂದು ಸಾಮಾನ್ಯವಾಗಿ ಮೇಲ್ಮುಖವಾಗಿ ಅಡಗಿ ಕೂತಿರುತ್ತದೆ. ಗಾಡಿಯನ್ನು ಅರ್ಧ ಮೀಟರ್ ಮುಂದೆ ತಳ್ಳಿದರೆ ಶಾಫ್ಟ್ ತಿರುಗಿ ಕೈಗೆ ಸಿಗುತ್ತದೆ. ಗ್ಯಾರೇಜಿನಲ್ಲಿ ಬಿಟ್ಟುಹೋಗುವುದೂ ಹೆಚ್ಚಾಗಿ ಇದೇ.

ಮೊದಲು ನಿಪ್ಪಲ್ ಮೇಲಿನ ಮಣ್ಣು ಒರೆಸಿ, ಇಲ್ಲದಿದ್ದರೆ ಗ್ರೀಸಿನ ಜೊತೆ ಮರಳೂ ಬೇರಿಂಗಿಗೆ ಹೋಗುತ್ತದೆ. ಕ್ರಾಸಿಗೆ ಲಿಥಿಯಂ ಗ್ರೀಸ್ (ಡಬ್ಬಿಯ ಮೇಲೆ ಗಟ್ಟಿತನದ ದರ್ಜೆ ಎನ್‌ಎಲ್‌ಜಿಐ 2 ಎಂದಿರಲಿ) ಆಗುತ್ತದೆ. ನಾಲ್ಕೂ ಸೀಲಿನಿಂದ ಹಳೆಯ ಗ್ರೀಸು ಹೊರಬಂದು ಹೊಸದರ ಬಣ್ಣ ಕಾಣುವವರೆಗೆ ಹೊಡೆಯಿರಿ. ಮೂರು ಕಡೆ ಬಂದು ಒಂದು ಕಡೆ ಬರದಿದ್ದರೆ ಆ ಬದಿಯ ಸೂಜಿ ಬೇರಿಂಗ್ ಒಣಗಿದೆ ಎಂದರ್ಥ, ಕ್ರಾಸ್ ಬದಲಿಸುವ ಕಾಲ ಹತ್ತಿರವಾಗಿದೆ. ಜಾರು ತುಂಡಿಗೆ ಮಾಲಿಬ್ಡಿನಂ ಬೆರೆತ ಕರಿ ಗ್ರೀಸ್ ಬೇಕು, ಅದಕ್ಕೆ ಇದೇ ರೀತಿ ಒತ್ತಿ ಒತ್ತಿ ತುಂಬಬಾರದು. ಒಳಗೆ ಜಾಗವಿಲ್ಲದಂತೆ ಗ್ರೀಸ್ ತುಂಬಿದರೆ, ಗುಂಡಿಗೆ ಬಿದ್ದಾಗ ಶಾಫ್ಟ್ ಗಿಡ್ಡವಾಗಲು ಆಗದೆ ಆ ಏಟೆಲ್ಲ ಪಿನಿಯನ್ ಬೇರಿಂಗಿಗೂ ಟ್ರಾನ್ಸ್‌ಫರ್ ಕೇಸಿಗೂ ಬೀಳುತ್ತದೆ. ಎರಡು ಮೂರು ಒತ್ತು ಕೊಟ್ಟು, ಶಾಫ್ಟ್ ಹಿಂದೆ ಸರಿಯಲು ಶುರುವಾದದ್ದು ಕಂಡ ಕೂಡಲೇ ನಿಲ್ಲಿಸಿ. 10,000 ಕಿ.ಮೀ.ಗೊಮ್ಮೆ ಈ ಕೆಲಸ. ಹಳ್ಳ ದಾಟಿದ್ದರೆ ಮರುದಿನವೇ.

ಅಚ್ಚಿನೊಳಗಿನ ಗೇರುಪೆಟ್ಟಿಗೆಯ, ಅಂದರೆ ಡಿಫರೆನ್ಷಿಯಲ್‌ನ, ಆಯಿಲ್ ಬದಲಿಸುವವರು ಒಂದು ನಿಯಮ ಮರೆಯಬಾರದು. ಕೆಳಗಿನ ಡ್ರೇನ್ ಬೋಲ್ಟ್ ಮುಟ್ಟುವ ಮುನ್ನ ಮೇಲಿನ ತುಂಬುವ ಬೋಲ್ಟ್ ಬಿಚ್ಚಿ. ಹಿಂದಿನದಕ್ಕೆ 24ರ ಸ್ಪ್ಯಾನರ್, ಮುಂದಿನದಕ್ಕೆ 10ರ ಅಲೆನ್ ಕೀ. ತುಕ್ಕು ಹಿಡಿದು ಮೇಲಿನದು ಬಿಚ್ಚದೆಹೋದರೆ, ಅಥವಾ ಅಲೆನ್ ಗುಂಡಿ ಸವೆದು ಗುಂಡಗಾದರೆ, ಆಯಿಲ್ ಇಳಿಸಿದ ಗಾಡಿಯನ್ನು ಅಂಗಳದಿಂದ ಕದಲಿಸಲೂ ಆಗುವುದಿಲ್ಲ. ಗುಂಡಿಯೊಳಗಿನ ಕಲ್ಲು ಮಣ್ಣು ಕೆರೆದು ತೆಗೆದು, ಅಲೆನ್ ಕೀಯನ್ನು ಸುತ್ತಿಗೆಯಿಂದ ತಟ್ಟಿ ತಳ ಮುಟ್ಟಿಸಿದ ಮೇಲೆಯೇ ಬಲ ಹಾಕಿ. ಜಿಎಲ್-5 ದರ್ಜೆಯ ಆಯಿಲ್ ಹಾಕಿ, ತುಂಬುವ ರಂಧ್ರದಿಂದ ಚೆಲ್ಲುವವರೆಗೆ ತುಂಬಿಸಿ. ಗಾಡಿ ಸಮತಟ್ಟಾಗಿ ನಿಂತಿರಬೇಕು. ಮೂಗು ಮೇಲೆತ್ತಿ ನಿಲ್ಲಿಸಿ ತುಂಬಿದರೆ ಲೆಕ್ಕ ತಪ್ಪುತ್ತದೆ.

ಇಳಿಸಿದ ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ. ಅದು ಹೊಕ್ಕ ದಾರಿ ಕುತೂಹಲದ್ದು. ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಹೌಸಿಂಗ್ ಮೇಲೆ ಗಾಳಿಯಾಡಲು ಇರುವ ಸಣ್ಣ ಬ್ರೀದರ್ ಮಣ್ಣು ಕಟ್ಟಿ ಮುಚ್ಚಿದ್ದರೆ ಆ ಎಳೆತಕ್ಕೆ ಆಯಿಲ್ ಸೀಲಿನ ತುಟಿಯಿಂದಲೇ ನೀರು ಒಳಗೆ ನುಗ್ಗುತ್ತದೆ. ಮಲೆನಾಡಿನ ಗಾಡಿಗೆ ಮಾಡಿಸಬೇಕಾದ ಅಪ್‌ಗ್ರೇಡ್ ಅಂತ ಇದ್ದರೆ ಅದು ಇದು: ಹಿಂದಿನ ಬ್ರೀದರ್ ಬಿಚ್ಚಿ, ಅದೇ ಥ್ರೆಡ್ಡಿನ ಪೈಪ್ ನಿಪ್ಪಲ್ ಕೂರಿಸಿ, ಆಯಿಲ್ ತಡೆಯುವ ರಬ್ಬರ್ ಹೋಸನ್ನು ಚಾಸಿಯ ಮೇಲಿಂದ ಹಿಂದಿನ ದೀಪದ ಎತ್ತರಕ್ಕೆ ಒಯ್ದು, ತುದಿಗೆ ಸಣ್ಣ ಫಿಲ್ಟರ್ ಹಾಕುವುದು. ಹೌಸಿಂಗ್ ಮೇಲೆ ಕೆಳಗೆ ಆಡುವುದಕ್ಕೆ ಹೋಸಿಗೆ ಒಂದು ಗೇಣು ಸಡಿಲ ಬಿಡಬೇಕು, ಸೈಲೆನ್ಸರಿನಿಂದ ದೂರ ಕಟ್ಟಬೇಕು. ನಡುವೆ ಎಲ್ಲೂ ತಗ್ಗು ಬಾಗು ಇರಬಾರದು, ಅಲ್ಲಿ ನೀರು ನಿಂತರೆ ಮತ್ತದೇ ಕಥೆ. ಬುಲ್‌ಬಾರಿನ ದುಡ್ಡಿನ ಮುಂದೆ ಇದರ ಖರ್ಚು ಲೆಕ್ಕಕ್ಕೇ ಇಲ್ಲ.

ಬ್ರೇಕಿನ ವಿಷಯ. ಆಗುಂಬೆ, ಚಾರ್ಮಾಡಿ, ಸಂಪಾಜೆ ಇಳಿಯುವ ಗಾಡಿಯಲ್ಲಿ ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಗಲೇಬೇಕು. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿಗೆ ಕುದಿಯಬೇಕೆಂಬುದು ಮಾನದಂಡ, ತೇವ ಸೇರಿದ ಮೇಲೆ 140. ಡಾಟ್ 4ಕ್ಕೆ ಅದೇ 230 ಮತ್ತು 155. ಇಳಿಜಾರಿನಲ್ಲಿ ಬ್ರೇಕ್ ತುಳಿದುಕೊಂಡೇ ಇಳಿದರೆ ಕ್ಯಾಲಿಪರಿನಲ್ಲಿ ಆಯಿಲ್ ಕುದಿದು ಆವಿಯಾಗುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ಜನ ‘ಬ್ರೇಕ್ ಫೇಲ್’ ಎನ್ನುವುದು ಬಹುಪಾಲು ಇದನ್ನೇ. ಸೀಲು ತೆಗೆದು ವರ್ಷಗಟ್ಟಲೆ ಕಪಾಟಿನಲ್ಲಿಟ್ಟ ಡಬ್ಬಿಯ ಆಯಿಲ್ ಕೂಡ ಹಳೆಯದೇ ಎಂದು ತಿಳಿಯಿರಿ. ಡಾಟ್ 5 ಎಂದು ಬರೆದಿದ್ದರೆ ಅದು ಸಿಲಿಕಾನ್ ಆಯಿಲ್, ಈ ಗಾಡಿಗೆ ಸಲ್ಲದು.

ಮುಂದಿನ ಪ್ಯಾಡ್ ಬದಲಿಸುವುದು ಈ ಗಾಡಿಯಲ್ಲಿ ಬಹಳ ಸುಲಭ. ಕ್ಯಾಲಿಪರ್ ಬಿಚ್ಚುವ ಗೊಡವೆಯಿಲ್ಲ. ಕ್ಲಿಪ್ ತೆಗೆದು, ಸ್ಪ್ರಿಂಗ್ ಹಿಡಿದುಕೊಂಡು ಎರಡು ಪಿನ್ ಎಳೆದರೆ ಪ್ಯಾಡ್ ಹೊರಗೆ ಬರುತ್ತದೆ. ಒಂದು ಬದಿ ಮುಗಿಸಿ ಇನ್ನೊಂದು ಬದಿಗೆ ಹೋಗಿ, ಸ್ಪ್ರಿಂಗ್ ಹಾಕಿದ ಕ್ರಮ ಮರೆತರೆ ನೋಡಿಕೊಳ್ಳಲು ಇನ್ನೊಂದು ಇರುತ್ತದೆ. ಕ್ಯಾಲಿಪರಿನಲ್ಲಿ ನಾಲ್ಕು ಪಿಸ್ಟನ್ನುಗಳಿವೆ. ಒಂದನ್ನು ಒಳಗೆ ಒತ್ತಿದರೆ ಇನ್ನೊಂದು ಹೊರಗೆ ಬರುತ್ತದೆ, ಆದ್ದರಿಂದ ಹಳೆಯ ಪ್ಯಾಡ್ ಒಂದು ಒಳಗಿದ್ದಾಗಲೇ ಎದುರು ಬದಿಯವನ್ನು ಒತ್ತಬೇಕು. ಮೇಲಿನ ಡಬ್ಬಿಯಿಂದ ಸ್ವಲ್ಪ ಆಯಿಲ್ ಸಿರಿಂಜಿನಲ್ಲಿ ಮೊದಲೇ ತೆಗೆದಿಡಿ, ಇಲ್ಲವಾದರೆ ಉಕ್ಕಿ ಬಾಡಿಯ ಪೇಂಟ್ ಎಬ್ಬಿಸುತ್ತದೆ. ಎಲ್ಲ ಮುಗಿದ ಮೇಲೆ ಗಾಡಿ ಕದಲಿಸುವ ಮುಂಚೆ ಪೆಡಲನ್ನು ಗಟ್ಟಿಯಾಗುವವರೆಗೆ ಒತ್ತಿ. ಇದನ್ನು ಮರೆತು ರಿವರ್ಸ್ ಹಾಕಿ ಗೋಡೆಗೆ ಗುದ್ದುವವರು ಕಡಿಮೆಯೇನಿಲ್ಲ.

ಟೈಮಿಂಗ್ ಬೆಲ್ಟ್ ಬಗ್ಗೆ ಎರಡು ಮಾತು. ಈ ಎಂಜಿನ್ನಿನಲ್ಲಿರುವುದು ಚೈನ್ ಅಲ್ಲ, ಬೆಲ್ಟ್. ಬದಲಿಸುವ ಗಡುವು ಸಾಮಾನ್ಯವಾಗಿ 1,50,000 ಕಿ.ಮೀ. ನೆನಪಿಸಲು ಡ್ಯಾಶ್‌ಬೋರ್ಡಿನಲ್ಲಿ ದೀಪವಿದೆ, ಆದರೆ ಬೆಲ್ಟ್ ಬದಲಿಸದೆಯೇ ಆ ದೀಪವನ್ನು ಯಾರು ಬೇಕಾದರೂ ಕ್ಷಣದಲ್ಲಿ ಆರಿಸಬಹುದು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ದೀಪ ನಂಬದೆ ಬಿಲ್ಲು ಕೇಳಿ. ಬಿಲ್ಲಿಲ್ಲದಿದ್ದರೆ ಬದಲಿಸಿಲ್ಲ ಎಂದೇ ಲೆಕ್ಕ ಹಿಡಿದು ಬೆಲೆ ಇಳಿಸಿ. ಬೆಲ್ಟಿನ ಜೊತೆ ಐಡ್ಲರ್, ಟೆನ್ಷನರ್ ಕೂಡ ಹೊಸದಾಗಲಿ. 2016ರ ನವೆಂಬರಿನಲ್ಲಿ ಬಂದ ಎರಡನೇ ತಲೆಮಾರಿನ ಡೀಸೆಲ್ಲಿಗೆ ಚೈನ್ ಇದೆ, ಅವರಿಗೆ ಈ ಚಿಂತೆಯಿಲ್ಲ.

ಇನ್ನು ನಿಮ್ಮ ಪುರವಣಿ ಹೇಳಿದ ಅಲಂಕಾರಗಳು. ಮುಂದಿನ ಕಬ್ಬಿಣದ ಗಾರ್ಡಿನ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಗಾರ್ಡು ಚಾಸಿಗೆ ನೇರ ಕೂರುವುದರಿಂದ ಗುದ್ದಿನ ರಭಸ ನುಂಗಬೇಕಾದ ಮುಂಭಾಗ ನುಂಗುವುದಿಲ್ಲ, ಏರ್‌ಬ್ಯಾಗಿನ ಸೆನ್ಸರಿಗೂ ಲೆಕ್ಕ ತಪ್ಪುತ್ತದೆ. ಎದುರಿಗೆ ಬಂದ ಪಾದಚಾರಿಯ ಗತಿಯಂತೂ ಹೇಳುವುದೇ ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ವಿವರ ಬದಲಿಸುವುದನ್ನು ತಡೆಯುತ್ತದೆ. 2019ರ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಐದು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡನ್ನೂ ವಿಧಿಸಬಹುದು. ಓದುಗರಿಗೆ ಪಟ್ಟಿ ಕೊಡುವಾಗ ಇದನ್ನೂ ಒಂದು ಸಾಲಿನಲ್ಲಿ ಹೇಳಬೇಕಿತ್ತು.

ದಪ್ಪ ಟೈರಿನದೂ ಲೆಕ್ಕವೇ. ಕಂಪನಿಯ 265/65 ಆರ್17 ಟೈರಿನ ಎತ್ತರ ಸುಮಾರು 776 ಮಿ.ಮೀ. 265/70 ಹಾಕಿದರೆ 803. ಶೇ 3.4ರಷ್ಟು ಹೆಚ್ಚು. ಸ್ಪೀಡೋಮೀಟರಿನ ಮುಳ್ಳು ಮೊದಲಿಗಿಂತ ಅಷ್ಟು ಕಡಿಮೆ ತೋರಿಸುತ್ತದೆ, ಪಿಕಪ್ ಇಳಿಯುತ್ತದೆ, ಬ್ರೇಕಿಗೂ ಭಾರ. 2009ರ ಮೊದಲ ಫಾರ್ಚುನರಿನಲ್ಲಿ ನಾಲ್ಕೂ ಚಕ್ರ ಸದಾ ಎಳೆಯುತ್ತವೆ. ಅದಕ್ಕೆ ಎರಡು ಹೊಸ ಟೈರು, ಎರಡು ಸವೆದ ಟೈರು ಹಾಕಿ ಓಡಿಸಿದರೆ ಮುಂದಿನ ಹಿಂದಿನ ಅಚ್ಚುಗಳ ನಡುವಿನ ಡಿಫರೆನ್ಷಿಯಲ್ ಪ್ರತಿ ಸುತ್ತಿನಲ್ಲೂ ಆ ವ್ಯತ್ಯಾಸವನ್ನು ಹೊರುತ್ತದೆ. ದುಡ್ಡು ಖರ್ಚು ಮಾಡುವುದಿದ್ದರೆ ಅದೇ ಅಳತೆಯ ಒಳ್ಳೆಯ ಟೈರನ್ನು ನಾಲ್ಕಕ್ಕೂ ಹಾಕಿಸಿ.

ಚಕ್ರದ ನಟ್ಟು ಅಲಾಯ್‌ಗೆ 105 ನ್ಯೂಟನ್ ಮೀಟರ್ ಬಿಗಿತ ಸಾಕು. ಸ್ಪ್ಯಾನರಿಗೆ ಕೊಳವೆ ಸಿಕ್ಕಿಸಿ ಅದರ ಮೇಲೆ ಹತ್ತಿ ನಿಲ್ಲುವುದರಿಂದ ಸ್ಟಡ್ಡು ಎಳೆದುಹೋಗಿ ಯಾವತ್ತೋ ಒಂದು ದಿನ ತುಂಡಾಗುತ್ತದೆ. ಕಂಪನಿಯ ಅಲಾಯ್‌ಗೆ ಚಪ್ಪಟೆ ವಾಷರಿನ ನಟ್ಟು. ಹೊರಗೆ ಕೊಂಡ ಅಲಾಯ್‌ಗಳಿಗೆ ಹೆಚ್ಚಾಗಿ ಕೋನಾಕಾರದ ನಟ್ಟು ಬೇಕು. ಹಳೆಯ ನಟ್ಟನ್ನೇ ಹಾಕಿದರೆ ಬಿಗಿಯಾದಂತೆ ಕಂಡರೂ ಚಕ್ರ ನಡುವಿಗೆ ಕೂರದೆ ಓಡಾಟದಲ್ಲಿ ಸಡಿಲವಾಗಬಹುದು. ಚಕ್ರ ಬದಲಿಸುವ ಅಂಗಡಿಯವರಲ್ಲಿ ಎಷ್ಟೋ ಜನ ಇದನ್ನು ಕೇಳುವುದೇ ಇಲ್ಲ.

ದೀಪದ ಬಗ್ಗೆ ನಿಮ್ಮ ಬರಹಗಾರರು ತೋರಿಸಿದ ಉತ್ಸಾಹಕ್ಕೆ ಒಂದು ಆಕ್ಷೇಪವಿದೆ. ಹ್ಯಾಲೋಜನ್ ಬಲ್ಬಿಗೆಂದು ಮಾಡಿದ ರಿಫ್ಲೆಕ್ಟರಿಗೆ ಎಲ್‌ಇಡಿ ತುರುಕಿದರೆ ಬೆಳಕು ಚೆಲ್ಲಾಪಿಲ್ಲಿಯಾಗಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ರಸ್ತೆಗೆ ಬೀಳುವುದು ಕಡಿಮೆ. 2024ರ ಜುಲೈನಲ್ಲಿ ರಾಜ್ಯದ ಪೊಲೀಸರು ಇದರ ವಿರುದ್ಧ ವಿಶೇಷ ಕಾರ್ಯಾಚರಣೆಯನ್ನೇ ನಡೆಸಿದರು. ದೀಪ ಮಂಕಾಗಿದೆ ಎನ್ನುವವರು ಮೊದಲು ಒಂದು ಮಲ್ಟಿಮೀಟರ್ ತನ್ನಿ. ಎಂಜಿನ್ ಓಡುತ್ತಿರುವಾಗ, ದೀಪ ಹಾಕಿ ಬ್ಯಾಟರಿಯಲ್ಲೊಮ್ಮೆ, ಬಲ್ಬಿನ ಹೋಲ್ಡರಿನಲ್ಲೊಮ್ಮೆ ಅಳೆಯಿರಿ. ಹಳೆಯ ವೈರು, ಕಿಲುಬಿದ ಅರ್ತ್, ಸವೆದ ಸ್ವಿಚ್ಚಿನಿಂದಾಗಿ ಒಂದು ವೋಲ್ಟ್ ಕಳೆದುಹೋಗಿದ್ದರೆ ಹ್ಯಾಲೋಜನ್ನಿನ ಬೆಳಕು ಹತ್ತಿರ ಹತ್ತಿರ ಕಾಲುಭಾಗ ಕುಗ್ಗಿರುತ್ತದೆ.

ಅದಕ್ಕೆ ಮದ್ದು ರಿಲೇ, ಅಂದರೆ ಬ್ಯಾಟರಿಯ ಕರೆಂಟನ್ನು ನೇರ ದೀಪಕ್ಕೆ ಹಾಯಿಸುವ ಸ್ವಿಚ್ಚು. ದೀಪಕ್ಕೆ ಗಾಡಿಯಲ್ಲೇ ರಿಲೇ ಇದ್ದರೆ ಅರ್ತ್ ಜಾಗ ಉಜ್ಜಿ ಹೊಸ ಲಗ್ ಹಾಕಿದರೆ ಸಾಕು. ಇಲ್ಲದ ಹಳೆಯ ಗಾಡಿಗಳಲ್ಲಿ ನಾಲ್ಕು ಕಾಲಿನ 30 ಆಂಪ್ ರಿಲೇ ಹಾಕಿ: 30 ಎಂದು ಬರೆದ ಕಾಲಿಗೆ ಬ್ಯಾಟರಿಯಿಂದ ನೇರ ವೈರು, 87ರಿಂದ ಬಲ್ಬಿಗೆ, 85 ಅರ್ತಿಗೆ, 86ಕ್ಕೆ ಹಳೆಯ ದೀಪದ ವೈರು. ವೈರು 2.5 ಚದರ ಮಿ.ಮೀ. ಇರಲಿ. ಬ್ಯಾಟರಿಯಿಂದ ಒಂದು ಗೇಣಿನೊಳಗೆ 15 ಆಂಪ್ ಫ್ಯೂಸ್ ಇರಲೇಬೇಕು. ಎರಡು 55 ವ್ಯಾಟ್ ಬಲ್ಬಿಗೆ ಹರಿಯುವುದು ಎಂಟು ಒಂಬತ್ತು ಆಂಪ್ ಮಾತ್ರ. ಫ್ಯೂಸಿಲ್ಲದ ವೈರು ಬಾಡಿಗೆ ಉಜ್ಜಿ ಸವೆದರೆ, ಅಥವಾ ಇಲಿ ಕಡಿದರೆ, ಬೆಂಕಿಯೇ. ಅಂಗಡಿಗಳಲ್ಲಿ ಹಾಕಿಕೊಡುವ ಹಾರ್ನ್, ಆಂಪ್ಲಿಫೈಯರ್, ಎಲ್‌ಇಡಿ ಬಾರುಗಳ ವೈರಿಂಗನ್ನು ಒಮ್ಮೆ ಬಾನೆಟ್ ಎತ್ತಿ ನೋಡಿ, ಫ್ಯೂಸು ಬ್ಯಾಟರಿಯ ಹತ್ತಿರವಿದೆಯೇ, ದೂರ ಎಲ್ಲೋ ಇದೆಯೇ, ಇಲ್ಲವೇ ಇಲ್ಲವೇ ಎಂದು.

ಪವರ್ ಹೆಚ್ಚಿಸುವ ‘ಚಿಪ್’ ಡಬ್ಬಿಗಳ ಬಗ್ಗೆ ಇಷ್ಟೇ ಹೇಳುತ್ತೇನೆ. ಅಗ್ಗದವು ರೈಲಿನ ಒತ್ತಡ ಕಡಿಮೆ ಇದೆಯೆಂದು ಎಂಜಿನ್ ಕಂಪ್ಯೂಟರಿಗೆ ಸುಳ್ಳು ಹೇಳಿ ಹೆಚ್ಚು ಡೀಸೆಲ್ ತರಿಸುತ್ತವೆ. ಎರಡು ಲಕ್ಷ ಕಿ.ಮೀ. ಓಡಿದ ಇಂಜೆಕ್ಟರ್ ಇರುವ ಎಂಜಿನ್ನಿಗೆ ಅದನ್ನು ಹಾಕುವುದು ಪಿಸ್ಟನ್ ಸೀಳಿಸಿಕೊಳ್ಳುವ ದಾರಿ.

ಕೊನೆಯದಾಗಿ ನಿಮ್ಮಲ್ಲೂ ಕಂಪನಿಗಳಲ್ಲೂ ಒಂದು ಕೋರಿಕೆ. ಈ ಅಳತೆ, ಬಿಗಿತ, ಆಯಿಲ್ ದರ್ಜೆಗಳೆಲ್ಲ ರಿಪೇರಿ ಕೈಪಿಡಿಯಲ್ಲಿ ಇರುತ್ತವೆ. ಅಮೆರಿಕ, ಯುರೋಪಿನಲ್ಲಿ ಅಲ್ಪಾವಧಿ ಚಂದಾ ಕಟ್ಟಿ ಯಾರು ಬೇಕಾದರೂ ಟೊಯೋಟಾದ ಅಂಥ ಕೈಪಿಡಿ ಓದಬಹುದು. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರಿನಲ್ಲಿ ‘ರೈಟ್ ಟು ರಿಪೇರ್’ ಜಾಲತಾಣ ತೆರೆದು, ವಾಹನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿದೆ. ಕನ್ನಡ ನೆಲದಲ್ಲಿ ತಯಾರಾಗುವ ಗಾಡಿಯ ಕೈಪಿಡಿ ಹದಿನೈದು ವರ್ಷದ ನಂತರವಾದರೂ ಊರಿನ ಮೆಕ್ಯಾನಿಕ್ಕಿನ ಕೈಗೆ, ಸಾಧ್ಯವಾದರೆ ಕನ್ನಡದಲ್ಲೇ, ಯಾಕೆ ಸಿಗಬಾರದು ಎಂದು ನಿಮ್ಮ ವರದಿಗಾರರು ಕಂಪನಿಗಳನ್ನು ಕೇಳಲಿ. ಅಲ್ಲಿಯವರೆಗೆ ಪುರವಣಿಯ ಅಲಂಕಾರದ ಪುಟದಲ್ಲಿ ವಾರಕ್ಕೊಂದು ಗಾಡಿಯ ಆಯಿಲ್ ಅಳತೆ, ನಟ್ಟಿನ ಬಿಗಿತ, ಬೆಲ್ಟ್ ಬದಲಿಸುವ ಗಡುವನ್ನು ಒಂದು ಚೌಕದಲ್ಲಿ ಅಚ್ಚು ಹಾಕಿ. ಕತ್ತರಿಸಿ ಗ್ಯಾರೇಜಿನ ಗೋಡೆಗೆ ಅಂಟಿಸಿಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ.

ಇತಿ,
ಡೀಸೆಲ್ ಗಾಡಿಗಳ ಕೆಲಸ ಬಲ್ಲ ಒಬ್ಬ ಓದುಗ,
ಸಕಲೇಶಪುರ